ತೊರೆಯ ಕೈಯ ಬಳೆ

ಮಾರ್ಚ್ ೪, ಮಂಗಳವಾರ

ಅಕ್ಕ,

ನಿನ್ನ ಚಿತ್ರಪುಟದ ಓದುಗರು ಒಂದು ದರೋಡೆಯನ್ನು ಮದುವೆಯನ್ನಾಗಿ ಮಾಡಿಬಿಟ್ಟಿದ್ದಾರೆ. ಗಡಿಯಪ್ಪ ತೊರೆಯ ಅಂಗಳಕ್ಕೆ ನುಗ್ಗಿ ಬೇಲಿ ಕಿತ್ತದ್ದು ಪ್ರೀತಿಯಂತೆ. ಅವಳ ಮಣಿಕಟ್ಟಿಗೆ ಉಕ್ಕಿನ ಟೇಪು ಸುತ್ತಿ ಎಳೆದದ್ದು ಬಳೆಗೆ ಅಳತೆ ತೆಗೆದದ್ದಂತೆ. ಇದು ತಪ್ಪು, ಅಸಹ್ಯ. ಇದನ್ನೆಲ್ಲ ನೋಡಿಕೊಂಡು ನೀನು ಬಾಯಿಗೆ ಬೀಗ ಹಾಕಿಕೊಂಡು ಕೂತಿರುವುದು ಇನ್ನೂ ಅಸಹ್ಯ.

ಮೊದಲು ಕ್ಷೇಮ ವಿಚಾರಿಸಬೇಕಿತ್ತು, ಗೊತ್ತು. ಹೇಗಿದ್ದೀಯ? ಕಣ್ಣು ಉರಿ ಕಮ್ಮಿಯಾಯಿತಾ? ಬರೆಯಲು ಕೂತಾಗೆಲ್ಲ ಸಿಟ್ಟು ಬಂದು ಹಾಳೆ ಹರಿದು ಹಾಕಿದೆ, ಅದಕ್ಕೇ ಇಷ್ಟು ತಡ, ಕ್ಷಮಿಸು. ಫೋನ್ ಮಾಡಬಾರದಿತ್ತಾ ಅನ್ನಬೇಡ. ಫೋನಿನಲ್ಲಿ ನೀನು "ಏನೇ ಕರಪತ್ರ, ಇವತ್ತು ಯಾರ ಮೇಲೆ ಯುದ್ಧ?" ಎಂದು ನಗಿಸಿ ಮಾತು ಜಾರಿಸುತ್ತೀಯ. ಪತ್ರವನ್ನು ನಗಿಸಲು ನಿನ್ನಿಂದಾಗದು.

ನೀನು ಆ ಊರಿನಲ್ಲಿ ಬಾಗಿಲು ಹಾಕಿಕೊಂಡು ಚಿತ್ರ ಬರೆಯುತ್ತೀಯ. ಅದು ಜನರ ಹೊಟ್ಟೆಗೆ ಹೋಗಿ ಏನಾಗುತ್ತದೆ ಎಂದು ನೋಡುವವಳು ನಾನು. ಕಾಲೇಜಿನ ಎದುರಿನ ನಮ್ಮ ಜೆರಾಕ್ಸ್ ಅಂಗಡಿಗೆ ಊರಿನ ಮನಸ್ಸಿನಲ್ಲಿರುವುದೆಲ್ಲ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮೊದಲು ಅಂಕಪಟ್ಟಿ, ಬಾಡಿಗೆ ಕರಾರು, ಕಳೆದುಹೋದ ನಾಯಿಯ ಫೋಟೋ ಬರುತ್ತಿದ್ದವು. ಈಗ ಬರೀ ಗಡಿಯಪ್ಪ, ತೊರೆ. ಅವರಿಬ್ಬರನ್ನು ಹಿಗ್ಗಿಸಿ ಕೊಡು, ಹೃದಯದ ಆಕಾರಕ್ಕೆ ಕತ್ತರಿಸಿ ಕೊಡು, ಗುಳ್ಳೆ ಬರದ ಹಾಗೆ ಲ್ಯಾಮಿನೇಶನ್ ಮಾಡಿ ಕೊಡು. ಬಿಸಿ ರೋಲರಿನ ನಡುವೆ ಹಾಳೆ ಹೋಗುವಾಗ ಪ್ಲಾಸ್ಟಿಕ್ಕಿನ ಒಂದು ಸಿಹಿ ಕೊಳೆತ ವಾಸನೆ ಬರುತ್ತದಲ್ಲ, ಅದು ಈಗ ನನಗೆ ಗಡಿಯಪ್ಪನ ಮೈವಾಸನೆ.

ಮೊನ್ನೆ ಅಭಿಮಾನಿ ಬಳಗದ ಮುಖಂಡೆ ಬಂದಿದ್ದಳು. ದಪ್ಪ ಕನ್ನಡಕದ ಹುಡುಗಿ, ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಅಂಗಡಿ ಯಜಮಾನರು ಅವಳ ಚಿತ್ರ ನೋಡಿ, "ಏನಮ್ಮ ಇದು, ಸಿನಿಮಾನಾ?" ಎಂದರು.

"ಅಯ್ಯೋ ಅಂಕಲ್, 'ಎಂಟು ಮನೆ ಬೀದಿ' ಓದಲ್ವಾ ನೀವು? ವಾರಪತ್ರಿಕೆ ಕೊನೇ ಪುಟದಲ್ಲಿ ಬರುತ್ತಲ್ಲ! ಅದ್ರಲ್ಲಿ ಒಂದೊಂದು ಮನೆಯವರೂ ಒಂದೊಂದು ದೇಶ. ಈ ಮೀಸೆಯವನು ಗಡಿಯಪ್ಪ, ದೊಡ್ಡ ದೇಶ. ಯಾವಾಗ್ಲೂ ಟೇಪು ಹಿಡ್ಕೊಂಡು ಯಾರ್ಯಾರ ಅಂಗಳಾನೋ ಅಳೀತಿರ್ತಾನೆ. ಇವಳು ತೊರೆ, ಪುಟ್ಟ ದೇಶ, ಹಿತ್ತಲಲ್ಲಿ ಒಂದು ಹಳ್ಳ ಬಿಟ್ರೆ ಏನೂ ಇಲ್ಲ. ಹಿಮಜ್ಜಿ ಅಂತ ಒಬ್ಬಳಿದ್ದಾಳೆ, ಎಲ್ಲರ ದುಡ್ಡೂ ಅವಳ ದಿಂಬಿನ ಕೆಳಗೆ. ಬೀದೀಲಿ ಜಗಳ ಆದ್ರೆ ಮಾತ್ರ ಕಿವಿ ಕೇಳ್ಸಲ್ಲ."

"ದೇಶಕ್ಕೆ ಮೀಸೆ ಬೇರೆ ಬಂತಾ? ನಮ್ಮದಕ್ಕೆ ಹಲ್ಲೇ ಬಿದ್ದುಹೋಗಿದೆಯಲ್ಲಮ್ಮ!" ಎಂದು ಯಜಮಾನರು ನಕ್ಕರು.

ನಾನು ಕೇಳಿದೆ: "ಅವನು ಬೇಲಿ ಕಿತ್ತು ಒಳಗೆ ಬಂದನಲ್ಲ, ಅದಕ್ಕೇನಂತೀರಿ?"

ಅವಳು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದಳು. "ನೀವು ಮೇಲೆ ಮೇಲೆ ಓದ್ತೀರಾ ಅನ್ಸುತ್ತೆ. ಗಡಿಯಪ್ಪನ್ನ ಚಿಕ್ಕಂದಿನಲ್ಲಿ ಯಾರೂ ಆಟಕ್ಕೆ ಸೇರಿಸ್ಕೊಂಡಿಲ್ಲ. ಅವನಿಗೆ ಪ್ರೀತಿ ಹೇಳೋಕೆ ಬರಲ್ಲ, ಅದಕ್ಕೆ ಅಳೀತಾನೆ. ಇವಳ ಅಂಗಳಕ್ಕೆ ಬಂದು ಏನಂದ? 'ಇನ್ಮೇಲೆ ಇದು ನಮ್ಮಿಬ್ಬರ ಅಂಗಳ' ಅಂದ. ನಮ್ಮಿಬ್ಬರ! ಪುಟದ ಮೂರನೇ ಚೌಕದಲ್ಲಿ ಕೈ ಅಳತೆ ತಗೊಂಡ, ನಾಲ್ಕನೇ ಚೌಕದಲ್ಲಿ ಅವಳ ಕೈಯಲ್ಲಿ ಬಳೆ. ಆಮೇಲೆ ಅವಳು ಮೂರು ಸಂಚಿಕೆ ಮಾತೇ ಆಡಿಲ್ಲ ನೋಡಿ. ನಾಚಿಕೆ!"

ನಾಚಿಕೆ! ಅಕ್ಕ, ಒಂದು ದೇಶದ ನಾಲಿಗೆ ಕತ್ತರಿಸಿದರೂ ಇವರು ನಾಚಿಕೆ ಅಂತಾರೆ. ಆದರೂ ಅವಳ ಹಾಳೆಯ ಅಂಚನ್ನು ನೆಟ್ಟಗೆ ಕತ್ತರಿಸಿ ಕೊಟ್ಟೆ. ಸಂಬಳ ಕೊಡುವುದು ಅದಕ್ಕೆ.

ಗಂಡಸರು ಇನ್ನೊಂದು ಬಗೆ. ಬಸ್ ಕಂಡಕ್ಟರ್ ಒಬ್ಬರು, ಪಕ್ಕದ ಔಷಧದಂಗಡಿಯವರು ಒಬ್ಬರು, ಗಡಿಯಪ್ಪ ಯಾವ ದೇಶ ಎಂದು ನಮ್ಮ ಕೌಂಟರಿನ ಮೇಲೆ ಕೈ ಗುದ್ದಿಕೊಂಡು ಜಗಳವಾಡಿದರು. ಒಬ್ಬರು ಉತ್ತರಕ್ಕೆ ಬೆರಳು ತೋರಿಸಿದರೆ ಇನ್ನೊಬ್ಬರು ಸಮುದ್ರದ ಆಚೆಗೆ. ಯಜಮಾನರು ಮೆಲ್ಲಗೆ, "ನಮ್ಮದೇ ಯಾಕಾಗಿರಬಾರದು?" ಎಂದರು. ಇಬ್ಬರೂ ಜಗಳ ಬಿಟ್ಟು ಅವರ ಮೇಲೆ ತಿರುಗಿಬಿದ್ದರು. ಎಲ್ಲರಿಗೂ ಗಡಿಯಪ್ಪ ಪಕ್ಕದ ಮನೆಯವನು. ಇಷ್ಟು ಜನ ಓದುಗರಲ್ಲಿ ಒಬ್ಬನಾದರೂ "ಅದು ನಾನು" ಎಂದದ್ದನ್ನು ನಾನು ಕೇಳಿಲ್ಲ.

ನನ್ನ ಹತ್ತಿರ ಇರುವ, ಮೂಲೆ ಸವೆದ ಒಂದು ಕರಪತ್ರದಲ್ಲಿ ಹೀಗೆ ಬರೆದಿದ್ದಾರೆ: ನೆಲವನ್ನು ಹೆಣ್ಣೆಂದು ಕರೆಯುವವನು ಎರಡನ್ನೂ ಕೇಳದೆ ಮುಟ್ಟಬಹುದು ಎಂದುಕೊಂಡಿರುತ್ತಾನೆ. ನಗಬೇಡ. ಯಾರು ಬರೆದರೋ ಗೊತ್ತಿಲ್ಲ, ಕೆಳಗೆ ಹೆಸರಿಲ್ಲ. ಅದನ್ನು ಓದಿದ ದಿನ ನೀನು ತೊರೆಯನ್ನು ಹೆಂಗಸು ಮಾಡಿದ್ದು ಸರಿಯೇ ಎಂದು ನಿನ್ನ ಮೇಲೂ ಸಿಟ್ಟು ಬಂದಿತ್ತು. ಆಮೇಲೆ ತಣ್ಣಗಾದೆ. ತೊರೆ ಯಾಕೆ ಹೆಂಗಸಾದಳು ಎಂಬುದು ನಮ್ಮಿಬ್ಬರಿಗೆ ಗೊತ್ತಿರುವ ವಿಷಯ.

ಈಗ ನನ್ನ ಪ್ರಶ್ನೆ ಒಂದೇ. ಆ ಬಳೆಯನ್ನು ನೀನು ಬರೆದೆಯಾ? ಭೂತಗನ್ನಡಿ ಇಟ್ಟು ನೋಡಿದೆ. ನುಣ್ಣಗೆ, ದುಂಡಗೆ, ಮೇಲೆ ಎರಡು ಹೊಳಪಿನ ಚುಕ್ಕಿ. ನಿನ್ನ ಗೆರೆ ಹಾಗಿರುವುದಿಲ್ಲ. ತೊರೆಯ ಅಂಗಿಗೆ ಒಂದು ಗುಂಡಿಯನ್ನೂ ಬರೆಯದ ನೀನು ಬಳೆ ಬರೆದೆಯಾ?

ಅಮ್ಮ ಆರಾಮಾಗಿದ್ದಾಳೆ. ಲಾಂಡ್ರಿಯಲ್ಲಿ ಈಗ ವಸತಿಗೃಹದ ಹಾಸಿಗೆ ಬಟ್ಟೆಗಳ ರಾಶಿ. ಇಸ್ತ್ರಿಯ ಹಬೆಯ ಮುಂದೆ ಉಳಿದ ಹೆಂಗಸರೆಲ್ಲ ಅಂಗಿಯ ತೋಳು ಮೇಲೆ ಮಡಚಿ ನಿಂತರೆ ಅಮ್ಮ ಮಾತ್ರ ತೋಳನ್ನು ಬೆರಳ ಗೆಣ್ಣಿನವರೆಗೆ ಎಳೆದುಕೊಂಡೇ ಇರುತ್ತಾಳೆ. ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ.

ನಿನ್ನ ತಂಗಿ,
ಕರಪತ್ರ

ಮರೆತಿದ್ದೆ: ಅಮ್ಮ ಆ ಸಂಚಿಕೆ ತಂದುಕೊಡು ಅಂದಳು. ಮಾರಿಹೋಗಿದೆ ಎಂದು ಸುಳ್ಳು ಹೇಳಿದೆ.


ಮಾರ್ಚ್ ೧೩, ಗುರುವಾರ

ಅಕ್ಕ,

ನಿನ್ನ ಉತ್ತರ ಬಂತು. ಇಷ್ಟು ದೊಡ್ಡ ಹಾಳೆಯ ಮೇಲೆ ಇಷ್ಟು ಚಿಕ್ಕ ಉತ್ತರ! "ನಾನು ಬಳೆ ಬರೆಯಲಿಲ್ಲ, ಗಾಯ ಬರೆದೆ. ಅಚ್ಚಾಗಿ ಬಂದಾಗ ಬಳೆಯಾಗಿತ್ತು. ಆ ವಾರ ಪತ್ರಿಕೆ ಎಂದೂ ಇಲ್ಲದಷ್ಟು ಹೋಯಿತು, ಸಂಪಾದಕರು ಬೆನ್ನು ತಟ್ಟಿದರು. ಆಮೇಲೆ ಹೇಗೆ ಹೇಳಲಿ? ಒಮ್ಮೆ ಅಚ್ಚಾದ ಮೇಲೆ ಅದು ಓದುಗರದು, ಬಿಡು." ಕೆಳಗೆ ಒಂದು ನಗುವ ಮುಖ ಬರೆದಿದ್ದೀಯ. ಅದನ್ನು ನೋಡಿ ಮೈ ಉರಿದುಹೋಯಿತು.

ಓದುಗರದು ಹೇಗಾಗುತ್ತದೆ? ಗಾಯ ಯಾರದೋ ಅವರದು.

ಅಚ್ಚಿನಲ್ಲಿ ಗಾಯ ಹೇಗೆ ಬಳೆಯಾಗುತ್ತದೆ ಎಂದು ನೀನು ಹುಡುಕಲಿಲ್ಲ. ನಾನು ಹುಡುಕಿದೆ. ನಿಮ್ಮ ಪತ್ರಿಕೆ ಅಚ್ಚಾಗುವುದು ನಮ್ಮ ಊರಾಚೆಯ ಮುದ್ರಣಾಲಯದಲ್ಲಿ. ನಮ್ಮ ಅಂಗಡಿಗೆ ತುಂಡು ಕಾಗದ ಬರುವುದೂ ಅಲ್ಲಿಂದಲೇ. ಮಂಗಳವಾರ ಕಾಗದ ತರುವ ನೆಪದಲ್ಲಿ ಹೋದೆ. ಯಂತ್ರಗಳ ಹಿಂದೆ ಒಂದು ಗಾಜಿನ ಕೋಣೆ ಇದೆ. ಅಲ್ಲಿ ಒಬ್ಬ ಹಿರಿಯರು ಕಂಪ್ಯೂಟರಿನ ಮುಂದೆ ಕೂತು ಪುಟ ಶುಚಿ ಮಾಡುತ್ತಾರೆ. ಅವರ ಕೆಲಸವೇ ಅದು. ಊರೂರಿನಿಂದ ಬಂದ ಪುಟಗಳಲ್ಲಿ ಧೂಳು, ಕೂದಲೆಳೆ, ಕಾಫಿ ಲೋಟದ ಗುರುತು, ಹಾರಿದ ಮಸಿ ಇದ್ದರೆ ಅಳಿಸಿ ಅಚ್ಚಿಗೆ ಬಿಡುವುದು. ಎಲ್ಲರೂ ಅವರನ್ನು "ಶುಚಿಯಣ್ಣ" ಎನ್ನುತ್ತಾರೆ.

ನಾನು ಆ ಚೌಕ ತೋರಿಸಿದೆ. ಅವರ ಮುಖ ಅರಳಿತು.

"ಓ, ಇದಾ! ನಾನೇ ಮಾಡಿದ್ದು ಕಣಮ್ಮ. ಚೆನ್ನಾಗಿ ಬಂದಿದೆ ಅಲ್ವಾ?"

"ನೀವಾ? ಯಾಕೆ?"

"ಮಣಿಕಟ್ಟಿನ ಸುತ್ತ ನೀಲಿ ಮಸಿ ಹಾರಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಕೆಟ್ಟದಾಗಿ ಕಾಣ್ತಿತ್ತು. ಪಾಪ, ಬರೆದ ಹುಡುಗಿ ಆತುರದಲ್ಲಿದ್ದಳೇನೋ ಅಂದ್ಕೊಂಡೆ. ಪೂರ್ತಿ ಅಳಿಸಿದ್ರೆ ಕೈ ಬೋಳು ಬೋಳಾಯ್ತು. ಅದಕ್ಕೇ ಒಂದು ಬಳೆ ಮಾಡಿ ಬಿಟ್ಟೆ."

"ಅದು ಗಾಯ ಆಗಿದ್ರೆ?"

ಶುಚಿಯಣ್ಣ ನಕ್ಕರು. "ಏನಮ್ಮ ನೀನು! ಹೆಣ್ಣುಮಗಳ ಕೈ ಸುತ್ತ ಹಂಗೆ ಗಾಯ ಆಗುತ್ತಾ? ಎಲ್ಲಾದ್ರೂ ಉಂಟಾ?"

ನಾಲಿಗೆ ತುದಿಗೆ ಬಂದಿತ್ತು: ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ. ಕಾಗದದ ಕಟ್ಟು ಹೊತ್ತುಕೊಂಡು ಬಂದೆ. ಅವರು ಕೆಟ್ಟವರಲ್ಲ ಅಕ್ಕ, ಬಾಗಿಲವರೆಗೆ ಬಂದು ಕಟ್ಟು ಎತ್ತಿಕೊಟ್ಟರು. ಅದೇ ಇನ್ನೂ ಹೇಸಿಗೆ. ಒಳ್ಳೆಯವರೊಬ್ಬರು ಬೇಸರಪಟ್ಟುಕೊಂಡು ಗಾಯ ಒರೆಸಿದರೆ ಅದಕ್ಕೆ ಯಾರ ಮೇಲೆ ಕೂಗಾಡುವುದು?

ಇದಕ್ಕೆ ಮೊದಲೇ, ಭಾನುವಾರ, ಇನ್ನೊಂದು ಕಡೆ ಕೂಗಾಡಿ ಬಂದಿದ್ದೆ. ವಾಚನಾಲಯದ ಮಹಡಿಯಲ್ಲಿ ಅಭಿಮಾನಿ ಬಳಗದ ಸಭೆ. ನೀನು ಗಾಯ ಎಂದು ಬರೆದ ಪತ್ರ ಶನಿವಾರ ಕೈಸೇರಿತ್ತಲ್ಲ, ಅಂದೇ ಅಂಗಡಿಯಲ್ಲಿ ನನ್ನ ಖರ್ಚಿನಲ್ಲಿ ಕರಪತ್ರ ತೆಗೆದೆ. ತಲೆಬರಹ: "ಬಳೆಯಲ್ಲ, ಗಾಯ". ಕೆಳಗೆ ನನಗೆ ತಿಳಿದದ್ದನ್ನೆಲ್ಲ ಬರೆದೆ: ದೊಡ್ಡ ದೇಶಗಳು ಹೇಗೆ ಮೊದಲು ಅಳೆಯುತ್ತವೆ, ಆಮೇಲೆ 'ನಮ್ಮಿಬ್ಬರದು' ಅನ್ನುತ್ತವೆ, ಆಮೇಲೆ 'ನಮ್ಮದು' ಅನ್ನುತ್ತವೆ. ಗೋಡೆಯ ತುಂಬ ಗಡಿಯಪ್ಪ. ಅಳುವ ಗಡಿಯಪ್ಪ, ಹೂ ಹಿಡಿದ ಗಡಿಯಪ್ಪ, ತೊರೆಯ ಮಡಿಲಲ್ಲಿ ತಲೆಯಿಟ್ಟ ಗಡಿಯಪ್ಪ. ಅರ್ಧಕ್ಕರ್ಧ ನನ್ನ ಕೈಯಿಂದಲೇ ಲ್ಯಾಮಿನೇಟ್ ಆದವು.

ಎಲ್ಲರಿಗೂ ಹಂಚಿ, ಬೆಂಚಿನ ಮೇಲೆ ಹತ್ತಿ ಮಾತಾಡಿದೆ. ಬೈಯುತ್ತಾರೆ, ಹೊರಗೆ ದಬ್ಬುತ್ತಾರೆ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಅವರು ಚಪ್ಪಾಳೆ ತಟ್ಟಿದರು! ಕನ್ನಡಕದ ಹುಡುಗಿ ಓಡಿಬಂದು ಕೈ ಹಿಡಿದುಕೊಂಡಳು.

"ಎಂಥಾ ವ್ಯಾಖ್ಯಾನ! ಗಾಯ ಅಂತ ಓದ್ಕೊಂಡ್ರೆ ಪ್ರೀತಿ ಇನ್ನೂ ಆಳ ಆಗುತ್ತೆ ಅಲ್ವಾ? ಅವನು ನೋಯಿಸ್ತಾನೆ, ಆಮೇಲೆ ಅವನೇ ಅಳ್ತಾನೆ, ಅವಳು ಕ್ಷಮಿಸ್ತಾಳೆ. ನಮ್ಮ ಬಳಗದ ಸಂಚಿಕೆಗೆ ಕೊಡ್ತೀರಾ ಇದನ್ನ?"

ಗಡ್ಡದ ಯುವಕನೊಬ್ಬ ಎದ್ದು, "ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ತೊರೆ ಹತ್ರ ಸೈನ್ಯ ಇಲ್ಲ, ರಸ್ತೆ ಇಲ್ಲ. ಒಂಟಿ ಹೆಂಗಸು. ಗಡಿಯಪ್ಪ ಇದ್ರೆ ಬೀದಿಯವರು ತಂಟೆಗೆ ಬರಲ್ಲ. ಅವಳಿಗೇ ಲಾಭ," ಎಂದ. ತಲೆದೂಗಿದವರಲ್ಲಿ ಹೆಂಗಸರೂ ಇದ್ದರು. ನಾನು ಬೆಂಚಿನಿಂದ ಇಳಿದೆ. ಮೂಲೆಯಲ್ಲಿ ನರ್ಸ್ ಉಡುಪಿನ ಒಬ್ಬರು ಮಾತ್ರ ಕರಪತ್ರವನ್ನು ಮತ್ತೊಮ್ಮೆ ಓದಿ, ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟು ಎದ್ದುಹೋದರು. ಆ ಒಂದು ಹಾಳೆ ದಂಡವಾಗಲಿಲ್ಲ.

ನೀನು ತಿಳಿಸದ ವಿಷಯವೂ ಅಲ್ಲೇ ತಿಳಿಯಿತು. ಮುಂದಿನ ವಿಶೇಷ ಸಂಚಿಕೆಯಲ್ಲಿ ಗಡಿಯಪ್ಪ ಮತ್ತು ತೊರೆಯ ಮದುವೆ. ಸಂಪಾದಕರು ಒಪ್ಪಿದ್ದಾಗಿದೆ, ಪೂರ್ತಿ ಬಣ್ಣದ ಪುಟ, ಚಿತ್ರಗಾರ್ತಿಯೂ ಒಪ್ಪಿದ್ದಾಳೆ ಎಂದು ಕನ್ನಡಕದ ಹುಡುಗಿ ಘೋಷಿಸಿದಳು. ಚಿತ್ರಗಾರ್ತಿ ಯಾರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ತಂಗಿ ಅವರ ನಡುವೆ ಹುಳಿಮುಖ ಮಾಡಿಕೊಂಡು ನಿಂತಿದ್ದಳು ಎಂಬುದೂ ಗೊತ್ತಿಲ್ಲ.

ನಿಜವೇ? ಒಪ್ಪಿದೆಯಾ? ಕೆಲಸ ಹೋಗುತ್ತದೆ ಅನ್ನುತ್ತೀಯ. ನಿನ್ನ ಬಾಡಿಗೆ, ನಿನ್ನ ಕಣ್ಣಿನ ಔಷಧ, ನನಗೆಲ್ಲ ಗೊತ್ತು. ಬೇಕಾದರೆ ಪುಟ ಬಿಟ್ಟು ಬಾ, ಲಾಂಡ್ರಿಯಲ್ಲೋ ಅಂಗಡಿಯಲ್ಲೋ ಏನಾದರೂ ಸಿಗುತ್ತದೆ. ಆದರೆ ಆ ಕೈಯಿಂದ ಆ ಮದುವೆ ಬರೆಯಬೇಡ. ಅಮ್ಮನ ಕೈಗೆ ಗಾಯವಾದ ದಿನ ನಾನು ಮಂಚದ ಕೆಳಗಿದ್ದೆ, ನನಗೆ ಕೇಳಿಸಿದ್ದು ಟೇಪು ಸರ್ರೆಂದು ಡಬ್ಬಿಯೊಳಕ್ಕೆ ಮರಳಿದ ಸದ್ದು ಮಾತ್ರ. ನೀನು ಬಾಗಿಲಲ್ಲಿ ನಿಂತಿದ್ದೆ. ಕಣ್ಣಾರೆ ಕಂಡವಳು ನೀನೊಬ್ಬಳೇ. ಅದಕ್ಕೇ ಅಲ್ಲವೇ ಆ ಮೂರನೇ ಚೌಕ ಅಷ್ಟು ಸರಿಯಾಗಿ ಬಂದದ್ದು?

ತುಂಬ ಬೈದೆ. ಊಟ ಬಿಡಬೇಡ. ಕಣ್ಣಿಗೆ ಔಷಧ ಹಾಕಿಕೋ.

ನಿನ್ನ,
ಕರಪತ್ರ


ಮಾರ್ಚ್ ೨೦, ಗುರುವಾರ

ಅಕ್ಕ,

ಕ್ಷೇಮ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ. ಉತ್ತರ ಬರಲಿ ಎಂದು ಕಾಯುತ್ತಿದ್ದೆ, ಇನ್ನು ಕಾಯುವ ಹಾಗಿಲ್ಲ. ಇದನ್ನು ಇವತ್ತೇ ನಿಮ್ಮ ಊರಿನ ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಅವನು ಬಂದಿದ್ದ. ಅಪ್ಪ ಎಂದು ಬರೆಯಲು ನನ್ನಿಂದಾಗದು. ಅಳತೆಯವನು ಎನ್ನುತ್ತೇನೆ, ಸರ್ವೇ ಕೆಲಸದವನಿಗೆ ಅದೇ ಸರಿ.

ಮಂಗಳವಾರ ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದರೆ ಬಾಗಿಲಲ್ಲಿ ದೊಡ್ಡ ಬೂಟು. ಒಳಗೆ ನಮ್ಮ ಒಂದೇ ಕುರ್ಚಿಯಲ್ಲಿ ಅವನು ಕೂತಿದ್ದ. ಮೀಸೆ ನರೆತಿದೆ, ಹೊಟ್ಟೆ ಬಂದಿದೆ, ಸೊಂಟದಲ್ಲಿ ಅದೇ ಟೇಪಿನ ಡಬ್ಬಿ. ಅಮ್ಮ ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ಚಹಾ ಕುದಿದು ಉಕ್ಕುತ್ತಿದ್ದರೂ ಇಳಿಸಿರಲಿಲ್ಲ.

"ಬಾಮ್ಮ, ಎಷ್ಟು ಉದ್ದ ಆಗಿದ್ದೀಯ!" ಎಂದ. ನನ್ನನ್ನೂ ಕಣ್ಣಲ್ಲೇ ಅಳೆದ.

"ಯಾಕೆ ಬಂದ್ರಿ?"

"ಯಾಕೆ ಬಂದ್ರಿ ಅಂತೆ! ಊರೇ ಕರೀತಿದೆ, ನನ್ ಮಗಳೇ ಕರೀತಿದ್ದಾಳೆ. ನೋಡಿಲ್ಲಿ." ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ನಿನ್ನ ಪುಟ. ಮೂರನೇ ಚೌಕ, ನಾಲ್ಕನೇ ಚೌಕ. ಹಿಗ್ಗಿಸಿ ಲ್ಯಾಮಿನೇಶನ್ ಮಾಡಿಸಿದ್ದಾನೆ. ಮೂಲೆಗಳನ್ನು ದುಂಡಗೆ ಕತ್ತರಿಸಿದ್ದು ನೋಡಿದ ಕೂಡಲೇ ಗೊತ್ತಾಯಿತು: ನಮ್ಮ ಅಂಗಡಿಯ ಯಂತ್ರ. ಅದರ ಹಿಂದಿನ ಮಂಗಳವಾರ ನಾನು ಮುದ್ರಣಾಲಯದಲ್ಲಿ ಶುಚಿಯಣ್ಣನ ಹತ್ತಿರ ವಾದ ಮಾಡುತ್ತಿದ್ದಾಗ ಇವನು ನಮ್ಮ ಯಜಮಾನರ ಹತ್ತಿರ ಮಾಡಿಸಿಕೊಂಡು ಹೋಗಿದ್ದಾನೆ. "ಮನೆಗೆ ಕೊಡೋಕೆ ಸ್ವಾಮಿ, ಗುಳ್ಳೆ ಬರಬಾರದು" ಅಂದಿದ್ದನಂತೆ. ಯಜಮಾನರಿಗೆ ಅವನು ಯಾರೆಂದು ಹೇಗೆ ಗೊತ್ತಾಗಬೇಕು?

"ಈ ಗಡಿಯಪ್ಪ ಯಾರು ಹೇಳು?" ಎಂದ. ಎದೆ ತಟ್ಟಿಕೊಂಡ. "ನಾನು! ಮೀಸೆ ನೋಡು, ನಿಂತ ಭಂಗಿ ನೋಡು. ಹೆಸರು ಹಾಕದಿದ್ರೇನು, ಅವಳ ಗೆರೆ ನನಗೆ ಗೊತ್ತಾಗಲ್ವಾ? ದೊಡ್ಡವಳು ಥೇಟ್ ನನ್ನನ್ನೇ ತೆಗೆದಿದ್ದಾಳೆ. ಚಹಾದಂಗಡೀಲಿ ಹುಡುಗ್ರು ಈ ಪುಟ ಇಟ್ಕೊಂಡು, ಗಡಿಯಪ್ಪ ಮೇಲೆ ಒರಟು, ಒಳಗೆ ಬೆಣ್ಣೆ ಅಂತಿದ್ರು. ನನ್ನ ಬಗ್ಗೆ ಅಷ್ಟು ಒಳ್ಳೆ ಮಾತು ಇಲ್ಲೀತನಕ ಯಾರೂ ಆಡಿಲ್ಲ. ಕಣ್ಣಲ್ಲಿ ನೀರು ಬಂತು ಕಣಮ್ಮ."

ಅಕ್ಕ, ಗಡಿಯಪ್ಪ ನಾನೇ ಎಂದು ಒಪ್ಪಿಕೊಂಡ ಮೊದಲ ಓದುಗ ಸಿಕ್ಕಿದ. ಅದೂ ಹೆಮ್ಮೆಯಿಂದ. ಆ ಹುಡುಗಿಯ ಕತೆ, ಗಡ್ಡದವನ ಲಾಭದ ಲೆಕ್ಕಾಚಾರ, ಎಲ್ಲವೂ ಈ ಮನುಷ್ಯನಿಗೆ ಹೊಸ ಅಂಗಿಯ ಹಾಗೆ ಕೂತಿವೆ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಅದು ಹೊಗಳಿಕೆ ಅಲ್ಲ," ಎಂದೆ. "ಅದು ದೂರು."

"ನಿನಗೆ ಗೊತ್ತಾಗಲ್ಲ, ಚಿಕ್ಕವಳು ನೀನು. ದೂರಾಗಿದ್ರೆ ಬಳೆ ಯಾಕೆ ತೊಡಿಸ್ತಿದ್ಲು? ಮುಂದಿನ ಸಂಚಿಕೇಲಿ ಮದುವೇನೇ ಬರುತ್ತಂತೆ. ನಮ್ಮದು ಆಗಲೇ ಆಗಿದೆ, ಮತ್ತೆ ಒಟ್ಟಿಗೆ ಇರೋದೊಂದು ಬಾಕಿ."

ಹೀಗೆನ್ನುತ್ತ ಎದ್ದ. ಸೊಂಟದಿಂದ ಟೇಪು ತೆಗೆದ. ಆ ಸದ್ದಿಗೆ ಅಮ್ಮನ ಭುಜ ಕುಗ್ಗಿದ್ದನ್ನು ನಾನು ಕಂಡೆ, ಅವನು ಕಾಣಲಿಲ್ಲ. ಕಿಟಕಿಯಿಂದ ಮೂಲೆಯವರೆಗೆ ಗೋಡೆ ಅಳೆದ. ಅಲ್ಲಿ ನನ್ನ ಪುಸ್ತಕ, ಕರಪತ್ರಗಳ ಗೂಡು ಇದೆಯಲ್ಲ, ಅದನ್ನೂ ಸೇರಿಸಿ ಅಳೆದ.

"ಇದನ್ನ ತೆಗೆದ್ರೆ ನನ್ ಮಂಚ ಹಿಡಿಯುತ್ತೆ," ಎಂದ. "ಇನ್ಮೇಲೆ ಇದು ನಮ್ಮೆಲ್ಲರ ಮನೆ."

ನಿನ್ನ ಚಿತ್ರದ ಮಾತು. ಅವನಿಗೆ ಗೊತ್ತಿದ್ದು ಆಡಿದನೋ, ಅವನ ಬಾಯಿಂದಲೇ ನೀನು ಅದನ್ನು ಕಲಿತದ್ದೋ, ನೀನೇ ಹೇಳಬೇಕು.

ನಾನು ಮನೆಯಿಂದ ಹೊರಗೆ ನಡೆಯಿರಿ ಎಂದು ಕಿರುಚಿದೆ. ಪಕ್ಕದ ಮನೆಯವರು ಕಿಟಕಿ ತೆಗೆದರು. ಅಮ್ಮ ತಿರುಗಿ, "ಕೂಗಬೇಡ್ವೇ," ಎಂದಳು. ಅವನಿಗೆ ಚಹಾ ಕೊಟ್ಟಳು. "ಯೋಚಿಸ್ತೀನಿ. ಭಾನುವಾರ ಬನ್ನಿ," ಎಂದಳು. ಅವನು ಒಂದು ಪುಟ್ಟ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಬೂಟು ಹಾಕಿಕೊಂಡು ಹೋದ. ಭಾನುವಾರ ಹತ್ತು ಗಂಟೆಗೆ ಮಂಚ ತರುತ್ತಾನೆ.

ಅಂದಿನಿಂದ ಅಮ್ಮ ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಹಾಸಿಗೆ ಬಟ್ಟೆಗಳ ಅಂಚಿಗೆ ಅಂಚು ಕೂಡಿಸುವ ಹಾಗೆ ಮಾತಿಗೆ ಮಾತು ಕೂಡಿಸಿ ಮಡಿಚಿಡುತ್ತಾಳೆ. ನಾನು ಮಹಾ ಭಾಷಣ ಮಾಡಿದೆ. ಸ್ವಾತಂತ್ರ್ಯ, ಹಕ್ಕು, ನನ್ನ ಕರಪತ್ರಗಳಲ್ಲಿ ಇರುವುದೆಲ್ಲ ಹೇಳಿದೆ. "ಎಲ್ಲ ಸರಿ ಕಂದ, ಊಟ ಮಾಡು," ಎಂದಳು. ಅವಳ ಮುಂದೆ ನನ್ನ ಮಾತೆಲ್ಲ ಅಂಗಡಿಯಲ್ಲಿ ಉಳಿದ ಕತ್ತರಿಸಿದ ಅಂಚುಗಳ ಹಾಗೆ ಉದುರಿಹೋಯಿತು. ನನ್ನಿಂದ ಆಗದು ಅಕ್ಕ. ನಾನು ಮಂಚದ ಕೆಳಗಿದ್ದವಳು.

ಸೋಮವಾರ ನೀನು ಆ ಮದುವೆಯ ಪುಟ ಸಂಪಾದಕರಿಗೆ ಕೊಡಬೇಕಂತೆ. ಬರೆದಿದ್ದರೆ ಬರೆದಿರು, ನಾನಿನ್ನು ಬೈಯುವುದಿಲ್ಲ. ಭಾನುವಾರ ಮಾತ್ರ ಇಲ್ಲಿರು. ಎಷ್ಟು ಬೈದರೂ ನನಗೆ ಇರುವವಳು ನೀನೊಬ್ಬಳೇ. ಅಮ್ಮ ಈ ಸಲವೂ ನಿನ್ನ ತಲೆಯ ಮೇಲೆ ಕೈಯಿಟ್ಟ ಹಾಗೆ ಬರೆ ಅಂದಳು. ಬರೆದಿದ್ದೇನೆ.

ನಿನ್ನ ತಂಗಿ,
ಕರಪತ್ರ

ಬರೆಯಬಾರದು ಎಂದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೊಟ್ಟಣದಲ್ಲಿ ಇದ್ದದ್ದು ಬಳೆ. ನಿನ್ನೆ ಅಮ್ಮ ಪಾತ್ರೆ ತೊಳೆಯುವಾಗ ಅಂಗಿಯ ತೋಳು ಸರಿಯಿತು, ಕಂಡೆ. ಸರಿಯಾಗಿ ಆ ಹಳೆಯ ಗಾಯದ ಗೆರೆಯ ಮೇಲೆ ಕೂತಿದೆ. "ಅವತ್ತು ತೆಗೆದ ಅಳತೆ, ಇನ್ನೂ ಮರೆತಿಲ್ಲ ಅಂದರು," ಎಂದಳು. ಅವತ್ತಿನ ಕೈ ಈಗ ಎಲ್ಲಿದೆ? ಹಬೆಯಲ್ಲಿ ಬೆಂದು ದಪ್ಪವಾದ ಕೈಗೆ ಹೇಗೋ ಒಳಗೆ ಹೋಗಿದೆ, ಹೊರಗೆ ಬರುತ್ತಿಲ್ಲ, ಸುತ್ತ ಕೆಂಪಾಗಿದೆ. ಸೋಪು ಹಚ್ಚಿ ತೆಗೆಯುತ್ತೇನೆ ಬಾ ಎಂದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಯಾಕಮ್ಮ ಹಾಕಿಕೊಂಡೆ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಕಣ್ಣಾರೆ ಕಂಡವಳು ನಿನ್ನಕ್ಕ. ಅವಳೇ ಆ ಗಾಯದ ಮೇಲೆ ಬಳೆ ಬರೆದಳಲ್ಲ. ಅವಳೇ ಮರೆತ ಮೇಲೆ ನಾನೊಬ್ಬಳು ನೆನಪಿಟ್ಕೊಂಡು ಏನ್ ಮಾಡ್ಲಿ?" ಶುಚಿಯಣ್ಣನ ವಿಷಯ ಹೇಳಿದೆ, ನಂಬಲಿಲ್ಲ. ನಿನ್ನನ್ನು ಕಾಪಾಡಲು ಕಟ್ಟಿದ ಕತೆ ಎಂದುಕೊಂಡಳು. ನಿನ್ನ ಕೈಯ ಮೂಲ ಚಿತ್ರ, ಆ ನೀಲಿ ಗಾಯ ಇರುವ ಹಾಳೆ, ಅದನ್ನು ತಾ. ಸೋಪು ನಾನು ತರುತ್ತೇನೆ. ಭಾನುವಾರ ಬೆಳಿಗ್ಗೆ ಅಮ್ಮನಿಗೆ ಲಾಂಡ್ರಿಯಲ್ಲಿ ಅರ್ಧ ಪಾಳಿ. ಅಲ್ಲಿನ ಹಿಂಬಾಗಿಲಲ್ಲಿ ಕಾಯುತ್ತಿರುತ್ತೇನೆ: ಭಾನುವಾರ, ೨೩ನೇ ತಾರೀಕು, ಬೆಳಿಗ್ಗೆ ಎಂಟು ಗಂಟೆ.